ಹಣ್ಣಿನ ಗಿಡಗಳ ಎಲೆಗಳು ಹಗಲಿನ ಯಾವ ವೇಳೆಯಲ್ಲಿ ಆಹಾರವನ್ನು ತಯಾರಿಸುತ್ತವೆ

ಬೆಳಗಾವಿ ಮತ್ತು ಖಾನಾಪುರ ಪ್ರಾಂತದ ತೋಟಗಾರರಿಗೆ ತಿಳುವಳಿಕೆ

1. ಪೀಠಿಕೆ

ಬೆಳಗಾವಿ ನಗರದ ಸುತ್ತಮುತ್ತಲೂ ಖಾನಾಪುರ ತಾಲ್ಲೂಕಿನಲ್ಲಿಯೂ ಮಾವು, ಗೇರು, ಹಲಸು, ಚಿಕ್ಕು, ಪೇರಲ, ಬಾಳೆ ಮೊದಲಾದ ಹಣ್ಣಿನ ಗಿಡಗಳನ್ನು ಬೆಳೆಸುವ ರೈತರು ಇದ್ದಾರೆ. ಇವುಗಳಲ್ಲಿ ಮಾವು ಮತ್ತು ಗೇರು ಹೂಬಿಟ್ಟು ಕಾಯಿ ಕಟ್ಟಿ ಬಲಿಯುವ ಕಾಲವು ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ; ಅಂದರೆ ಮಳೆಯಿಲ್ಲದ ತಿಂಗಳುಗಳೇ. ಮಳೆಗಾಲದಲ್ಲಿ ಹಳ್ಳಕೊಳ್ಳಗಳು ತುಂಬಿ ಹರಿಯುವ ಖಾನಾಪುರ ಸೀಮೆಯಲ್ಲಿಯೂ ಬೇಸಗೆಯ ಹೊತ್ತಿಗೆ ಬಾವಿಗಳ ನೀರು ಇಳಿದಿರುತ್ತದೆ. ನೀರು ಕಡಮೆಯಾಗಿ ಬಿಸಿಲು ಏರುವ ಈ ಕಾಲದಲ್ಲಿಯೇ ಗಿಡವು ವರ್ಷದ ಫಲವನ್ನು ತುಂಬಿಕೊಳ್ಳಬೇಕಾಗಿದೆ.

ಈ ಕಾಲದಲ್ಲಿ ಮಧ್ಯಾಹ್ನ ಬಾಳೆಯ ಎಲೆ ಜೋತುಬಿದ್ದುದನ್ನು ಕಂಡು ಕೂಡಲೇ ನೀರು ಹಾಯಿಸುವವರುಂಟು. ಬಿಸಿಲು ಹೆಚ್ಚಿದಷ್ಟೂ ಗಿಡದ ಕೆಲಸ ಹೆಚ್ಚುವುದೆಂದು ತಿಳಿದವರುಂಟು. ತೋಟದ ಮೂಡಣ ಬದುವಿನ ಮೇಲೆ ಬಿದಿರನ್ನಾಗಲಿ ನೀಲಗಿರಿಯನ್ನಾಗಲಿ ಎತ್ತರಕ್ಕೆ ಬೆಳೆಯಗೊಟ್ಟು ಅದರಿಂದ ನಷ್ಟವಿಲ್ಲವೆಂದು ಎಣಿಸುವವರೂ ಉಂಟು. ಈ ಮೂರು ಎಣಿಕೆಗಳೂ ಸರಿಯಲ್ಲ. ಎಲೆಯು ಹಗಲೆಲ್ಲ ಒಂದೇ ಸಮನಾಗಿ ಕೆಲಸ ಮಾಡುವುದಿಲ್ಲ. ಬೇಸಗೆಯಲ್ಲಿ ಅದರ ಗಳಿಕೆಯ ಹೆಚ್ಚಿನ ಪಾಲು ಹೊತ್ತು ನೆತ್ತಿಗೇರುವುದಕ್ಕೆ ಮೊದಲೇ ಮುಗಿಯುತ್ತದೆ. ಈ ಒಂದು ಸಂಗತಿಯನ್ನು ಅರಿತು ನಡೆದರೆ ಇರುವ ನೀರಿನಿಂದಲೇ ಹೆಚ್ಚು ಪ್ರಯೋಜನವನ್ನು ಪಡೆಯಬಹುದು. ಅದನ್ನು ವಿವರಿಸುವುದೇ ಈ ಪತ್ರಿಕೆಯ ಉದ್ದೇಶ.

2. ಎಲೆಯ ಕೆಲಸ

ಗಿಡವು ತನ್ನ ಆಹಾರವನ್ನೆಲ್ಲ ಮಣ್ಣಿನಿಂದಲೇ ಪಡೆಯುತ್ತದೆಂಬುದು ಸಾಮಾನ್ಯ ತಿಳುವಳಿಕೆ. ವಾಸ್ತವದಲ್ಲಿ ಬೇರುಗಳಿಂದ ಬರುವುದು ನೀರು ಮತ್ತು ಲವಣಗಳು. ಹಣ್ಣಿನ ಸಿಹಿಗೂ ಕಟ್ಟಿಗೆಯ ತೂಕಕ್ಕೂ ಮೂಲವಾದ ಇಂಗಾಲವು ಗಾಳಿಯಿಂದ ಬರುತ್ತದೆ. ಗಾಳಿಯಲ್ಲಿ ಇಂಗಾಲಾಮ್ಲ ವಾಯುವು ಹತ್ತು ಸಾವಿರ ಪಾಲಿಗೆ ಸುಮಾರು 4 ಪಾಲು ಮಾತ್ರ ಇದೆ. ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣವಾದ ಅಸಂಖ್ಯ ರಂಧ್ರಗಳಿವೆ. ಮಾವಿನಲ್ಲಿ ಇವು ಎಲೆಯ ಕೆಳಮುಖದಲ್ಲಿರುತ್ತವೆ. ಈ ರಂಧ್ರಗಳ ಮೂಲಕ ಆ ವಾಯುವು ಒಳಹೊಕ್ಕು, ಎಲೆಯ ಹಸಿರು ದ್ರವ್ಯವಾದ ಪತ್ರಹರಿತ್ತು ಹಿಡಿದಿಟ್ಟ ಬೆಳಕಿನ ಬಲದಿಂದ ನೀರಿನೊಡನೆ ಕೂಡಿ ಸಕ್ಕರೆಯಾಗುತ್ತದೆ, ಆಮ್ಲಜನಕವು ಹೊರಬೀಳುತ್ತದೆ. ಶಾಸ್ತ್ರಜ್ಞರು ಇದಕ್ಕೆ ದ್ಯುತಿಸಂಶ್ಲೇಷಣೆ ಎಂದು ಹೆಸರಿಟ್ಟಿದ್ದಾರೆ.

ಎಲೆಯ ರಂಧ್ರವನ್ನು ಮನೆಯ ಬಾಗಿಲಿಗೆ ಹೋಲಿಸಬಹುದು. ಬಾಗಿಲು ತೆರೆದರೆ ಇಂಗಾಲಾಮ್ಲ ವಾಯು ಒಳಗೆ ಬರುತ್ತದೆ. ಅದೇ ಬಾಗಿಲಿನಿಂದ ನೀರಿನ ಆವಿ ಹೊರಗೆ ಹೋಗುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯಲು ಸಾಧ್ಯವಿಲ್ಲ. ಹೆಚ್ಚಿನ ಹಣ್ಣಿನ ಗಿಡಗಳು ಒಂದು ಕಿಲೋ ಒಣ ಪದಾರ್ಥವನ್ನು ಕಟ್ಟುವುದಕ್ಕೆ ಕೆಲವು ನೂರು ಕಿಲೋ ನೀರನ್ನು ಆವಿಯಾಗಿ ಬಿಡಬೇಕಾಗುತ್ತದೆ. ಆದಕಾರಣ ಬಾಗಿಲನ್ನು ಯಾವ ಹೊತ್ತಿನಲ್ಲಿ ತೆರೆದಿಡುವುದು ಲಾಭವೆಂಬುದೇ ಗಿಡದ ಜೀವನದ ಮುಖ್ಯ ಲೆಕ್ಕ.

3. ಈ ತಿಳುವಳಿಕೆ ಬೆಳೆದು ಬಂದ ಬಗೆ

ಹಸಿರು ಎಲೆಗಳು ಬೆಳಕಿನಲ್ಲಿ ಮಾತ್ರ ಗಾಳಿಯನ್ನು ಶುದ್ಧಗೊಳಿಸುತ್ತವೆಂದು 1779ರಲ್ಲಿ ಯಾನ್ ಇಂಗನ್‌ಹೌಸ್ ಎಂಬ ವೈದ್ಯನು ತೋರಿಸಿದನು. ಎಲೆಯ ಕೆಲಸವು ಹೊತ್ತಿನಿಂದ ಹೊತ್ತಿಗೆ ಬದಲಾಗುವುದೆಂಬ ವಿಷಯದಲ್ಲಿ ಕನ್ನಡ ನಾಡಿಗೆ ಸಂಬಂಧಪಟ್ಟ ಒಬ್ಬನ ಹೆಸರು ಸ್ಮರಣೀಯ. ಬೆಂಜಮಿನ್ ಹೈನ್ ಎಂಬವನು 1799ರ ತರುವಾಯ ಮೈಸೂರು ಸೀಮೆಯ ಸರ್ವೆಯಲ್ಲಿ ಸಸ್ಯಶಾಸ್ತ್ರಜ್ಞನಾಗಿದ್ದು, ಬೆಂಗಳೂರಿನ ಲಾಲ್‌ಬಾಗ್ ತೋಟವನ್ನೂ ನೋಡಿಕೊಂಡಿದ್ದನು. ಎಲೆಯ ಅಂಚಿನಿಂದಲೇ ಮರಿಗಿಡ ಹುಟ್ಟುವ ಕಾಡುಬಸಳೆಯ ಎಲೆಯನ್ನು ಅವನು ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿದನು. ಬೆಳಗಿನಲ್ಲಿ ಅದು ಬಹಳ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ. ಈ ಸಂಗತಿಯು 1815ರಲ್ಲಿ ಲಂಡನ್ನಿನ ಲಿನೀಯನ್ ಸೊಸೈಟಿಯ ಪ್ರಕಟನೆಯಲ್ಲಿ ಅಚ್ಚಾಯಿತು. ಅದರ ಅರ್ಥವು ಬಹುಕಾಲದ ಮೇಲೆ ಸ್ಪಷ್ಟವಾಯಿತು. ಅನಾನಸ್ ಬೆಳೆಯ ಪ್ರಸ್ತಾಪದಲ್ಲಿ ಅದನ್ನು ಕೆಳಗೆ ವಿವರಿಸಿದೆ.

ಜಗದೀಶಚಂದ್ರ ಬೋಸರು ನೀರಿನ ಗಿಡವೊಂದರಿಂದ ಹೊರಬೀಳುವ ಆಮ್ಲಜನಕದ ಗುಳ್ಳೆಗಳನ್ನು ತಾನಾಗಿಯೇ ದಾಖಲಿಸುವ ಯಂತ್ರವನ್ನು ರಚಿಸಿ, 1924ರಲ್ಲಿ ಈ ವಿಷಯದ ಮೇಲೆ ಒಂದು ಗ್ರಂಥವನ್ನೇ ಪ್ರಕಟಿಸಿದರು. ಈಗ ಗಿಡದಿಂದ ಎಲೆಯನ್ನು ಕೀಳದೆಯೇ, ಕೈಯಲ್ಲಿ ಒಯ್ಯಬಹುದಾದ ಯಂತ್ರದ ಚಿಮ್ಮಟದಲ್ಲಿ ಹಿಡಿದು, ಅದು ನಿಮಿಷ ನಿಮಿಷಕ್ಕೆ ಎಷ್ಟು ಇಂಗಾಲಾಮ್ಲ ವಾಯುವನ್ನು ಹೀರುತ್ತಿದೆ, ಎಷ್ಟು ನೀರನ್ನು ಬಿಡುತ್ತಿದೆ ಎಂಬುದನ್ನು ಅಳೆಯುತ್ತಾರೆ. ಮುಂದಿನ ವಿವರಗಳು ಇಂತಹ ಅಳತೆಗಳಿಂದ ತಿಳಿದುಬಂದವು.

4. ಬೇಸಗೆಯ ಒಂದು ದಿನ

ಮಾರ್ಚಿ ಅಥವಾ ಏಪ್ರಿಲ್ ತಿಂಗಳಿನ ಮೋಡವಿಲ್ಲದ ಒಂದು ದಿನವನ್ನು ತೆಗೆದುಕೊಂಡು, ಮಾವಿನ ಗಿಡದ ಬಲಿತ ಎಲೆಯೊಂದರ ದಿನಚರಿಯನ್ನು ನೋಡಬಹುದು.

ಬೆಳಗಿನ ಜಾವ: ರಾತ್ರಿಯೆಲ್ಲ ಬೇರುಗಳು ನೀರನ್ನೆಳೆದು ಎಲೆಗಳನ್ನು ತುಂಬಿರುತ್ತವೆ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಎಲೆಯು ಅತ್ಯಂತ ತೇವವಾಗಿರುವ ಹೊತ್ತು ಇದೇ.

ಹೊತ್ತು ಮೂಡಿದಂದಿನಿಂದ 8 ಗಂಟೆಯವರೆಗೆ: ಬಾಗಿಲುಗಳು ತೆರೆಯುತ್ತವೆ. ಬೆಳಕು ಎಳೆಯದಾದ್ದರಿಂದ ಮೊದಲು ಗಳಿಕೆ ಅಲ್ಪ. ಬೆಳಕು ಏರಿದಂತೆ ಗಳಿಕೆಯೂ ಬೇಗಬೇಗನೆ ಏರುತ್ತದೆ.

8 ಗಂಟೆಯಿಂದ 11 ಗಂಟೆಯವರೆಗೆ: ಬೆಳಕು ಬೇಕಾದಷ್ಟು ಇದೆ, ಎಲೆಯಲ್ಲಿ ನೀರಿದೆ, ಗಾಳಿಯಲ್ಲಿ ಇನ್ನೂ ತಂಪಿದೆ. ಈ ಮೂರೂ ಕೂಡಿದ ಈ ಹೊತ್ತೇ ಎಲೆಯ ಸುಗ್ಗಿ.

11 ಗಂಟೆಯ ಮೇಲೆ ಸುಮಾರು 3 ಗಂಟೆಯವರೆಗೆ: ಬೆಳಕು ಇನ್ನೂ ಹೆಚ್ಚಿದ್ದರೂ ಬಾಗಿಲುಗಳು ಅರೆಮುಚ್ಚುತ್ತವೆ, ಗಳಿಕೆಯು ಇಳಿಯುತ್ತದೆ. ಮಣ್ಣು ಒಣಗಿದ ತೋಟದಲ್ಲಿ ಈ ಇಳಿತವು ಬೇಗನೆ ಆರಂಭವಾಗಿ ಹೆಚ್ಚು ಆಳಕ್ಕೆ ಹೋಗುತ್ತದೆ.

4 ಗಂಟೆಯ ಮೇಲೆ: ಬಿಸಿಲು ಇಳಿದು ಪಡುವಣ ಗಾಳಿ ಬೀಸತೊಡಗಿದ ಮೇಲೆ ಬಾಗಿಲುಗಳು ಮತ್ತೆ ಸ್ವಲ್ಪ ತೆರೆಯುವುದುಂಟು. ಆದರೆ ಈ ಎರಡನೆಯ ಗಳಿಕೆಯು ಬೆಳಗಿನದಕ್ಕೆ ಸಮನಾಗದು; ಹೊತ್ತೂ ಬೇಗನೆ ಮುಳುಗುತ್ತದೆ. ಬಹಳ ಒಣಗಿದ ನೆಲದಲ್ಲಿ ಈ ಎರಡನೆಯ ಏರಿಕೆಯು ಕಾಣಿಸುವುದೇ ಇಲ್ಲ.

ರಾತ್ರಿ: ಹಗಲಿನಲ್ಲಿ ಎಲೆಯೊಳಗೆ ಪಿಷ್ಟವಾಗಿ ಕೂಡಿಟ್ಟ ಆಹಾರವು ಕರಗಿ ಕಾಯಿ, ಕೊಂಬೆ, ಬೇರುಗಳಿಗೆ ಸಾಗುತ್ತದೆ. ಗಿಡದ ಉಸಿರಾಟಕ್ಕೂ ಅದರಲ್ಲಿ ಒಂದು ಪಾಲು ವೆಚ್ಚವಾಗುತ್ತದೆ. ಸೆಕೆ ಹೆಚ್ಚಾದಂತೆ ಈ ವೆಚ್ಚವೂ ಹೆಚ್ಚು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಬೆಳಗಾವಿಯಲ್ಲಿ ರಾತ್ರಿಗಳು ತಂಪಾಗಿರುವುದು ಈ ವಿಷಯದಲ್ಲಿ ಅನುಕೂಲವೇ ಸರಿ.

ಇಲ್ಲಿ ಹೇಳಿದ ಗಂಟೆಗಳು ಗಡಿಯಾರದ ಗಂಟೆಗಳು. ಭಾರತದ ಗಡಿಯಾರವು 82½ ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು. ಬೆಳಗಾವಿಯು ಅದಕ್ಕಿಂತ 8 ಡಿಗ್ರಿಗಳಷ್ಟು ಪಡುವಣಕ್ಕಿರುವುದರಿಂದ ಇಲ್ಲಿ ಸೂರ್ಯನು ನೆತ್ತಿಗೆ ಬರುವುದು 12 ಗಂಟೆಗೆ ಅಲ್ಲ. ಏಪ್ರಿಲ್ ನಡುವಿನಲ್ಲಿ ಸುಮಾರು 12 ಗಂಟೆ 32 ನಿಮಿಷಕ್ಕೆ, ಫೆಬ್ರವರಿ ನಡುವಿನಲ್ಲಿ ಸುಮಾರು 12 ಗಂಟೆ 46 ನಿಮಿಷಕ್ಕೆ, ನವೆಂಬರ್ ಮೊದಲಿನಲ್ಲಿ ಸುಮಾರು 12 ಗಂಟೆ 16 ನಿಮಿಷಕ್ಕೆ ಇಲ್ಲಿ ನಿಜವಾದ ನಡುಹಗಲಾಗುತ್ತದೆ. ಬೇರೆ ಪ್ರಾಂತದ ಪುಸ್ತಕಗಳಲ್ಲಿ ಹೇಳಿದ ವೇಳೆಯನ್ನು ಇಲ್ಲಿ ಅನುಸರಿಸುವವರು ಈ ವ್ಯತ್ಯಾಸವನ್ನು ಗಮನದಲ್ಲಿಡತಕ್ಕದ್ದು.

5. ನಡುಹಗಲಿನಲ್ಲಿ ಕೆಲಸ ಕುಗ್ಗಲು ಕಾರಣಗಳು

ಮೊದಲನೆಯದು, ಗಾಳಿಯ ಬಾಯಾರಿಕೆ. ಬಿಸಿಗಾಳಿಯು ತಂಪುಗಾಳಿಗಿಂತ ಹೆಚ್ಚು ಆವಿಯನ್ನು ಹಿಡಿಯಬಲ್ಲದು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯು ಸುಮಾರು 17 ಗ್ರಾಂ ಆವಿಯನ್ನೂ, 35 ಡಿಗ್ರಿಯಲ್ಲಿ ಸುಮಾರು 40 ಗ್ರಾಂ ಆವಿಯನ್ನೂ ಹಿಡಿಯುತ್ತದೆ. ಬೆಳಗಿನಲ್ಲಿ ಗಾಳಿಯು 20 ಡಿಗ್ರಿಯಲ್ಲಿದ್ದು ನೂರಕ್ಕೆ 80 ಪಾಲು ತುಂಬಿದ್ದರೆ, ಅದು ಇನ್ನು ಬಯಸುವುದು ಮೂರೂವರೆ ಗ್ರಾಂ ಮಾತ್ರ. ಮಧ್ಯಾಹ್ನ 35 ಡಿಗ್ರಿಯಲ್ಲಿದ್ದು ನೂರಕ್ಕೆ 25 ಪಾಲು ಮಾತ್ರ ತುಂಬಿದ್ದರೆ, ಅದು ಬಯಸುವುದು 30 ಗ್ರಾಂ. ಅಂದರೆ ಗಾಳಿಯ ಬಾಯಾರಿಕೆಯು ಎಂಟು ಪಟ್ಟಿಗಿಂತಲೂ ಹೆಚ್ಚುತ್ತದೆ. ಬೆಳಗಿನಲ್ಲಿ ಗಳಿಸುವ ಅದೇ ಸಕ್ಕರೆಗೆ ಮಧ್ಯಾಹ್ನ ಅನೇಕ ಪಟ್ಟು ನೀರಿನ ಬೆಲೆಯನ್ನು ತೆರಬೇಕಾಗುತ್ತದೆ. ಗಿಡವು ಬಾಗಿಲನ್ನು ಮುಚ್ಚಿಕೊಳ್ಳುವುದು ಈ ನಷ್ಟದಿಂದ ತಪ್ಪಿಸಿಕೊಳ್ಳುವುದಕ್ಕೆ.

ಎರಡನೆಯದು, ಬೇರುಗಳ ಮಿತಿ. ಮಣ್ಣಿನಲ್ಲಿ ನೀರಿದ್ದರೂ, ಎಲೆಯಿಂದ ಹೋಗುವ ವೇಗಕ್ಕೆ ಸಮನಾಗಿ ಬೇರುಗಳು ನೀರನ್ನು ಮೇಲಕ್ಕೆ ಕಳುಹಿಸಲಾರವು.

ಮೂರನೆಯದು, ಬೆಳಕಿನ ಅತಿರೇಕ. ಮಾವಿನಂತಹ ಗಿಡದ ಒಂದೊಂದು ಎಲೆಗೆ ಪೂರ್ಣ ಬಿಸಿಲಿನ ಮೂರನೆಯ ಒಂದು ಪಾಲಿನಿಂದ ಅರ್ಧ ಪಾಲಿನವರೆಗೆ ಬೆಳಕು ಸಾಕು. ಅದಕ್ಕಿಂತ ಹೆಚ್ಚಿನ ಬೆಳಕಿನಿಂದ ಗಳಿಕೆ ಏರುವುದಿಲ್ಲ. ಬಾಗಿಲು ಮುಚ್ಚಿದ ಎಲೆಯ ಮೇಲೆ ಬಿರುಬಿಸಿಲು ಬಿದ್ದರೆ ಬೆಳಕನ್ನು ಹಿಡಿಯುವ ಅಂಗಗಳು ದಣಿಯುತ್ತವೆ. ತಂಪಾದ ಮೇಲೆಯೂ ಅವು ಚೇತರಿಸಿಕೊಳ್ಳುವುದಕ್ಕೆ ಹೊತ್ತು ಹಿಡಿಯುತ್ತದೆ.

ನಾಲ್ಕನೆಯದು, ಸೆಕೆಯಲ್ಲಿ ನಡೆಯುವ ವ್ಯರ್ಥ ವೆಚ್ಚ. ಇಂಗಾಲಾಮ್ಲ ವಾಯುವನ್ನು ಹಿಡಿಯಬೇಕಾದ ಎಲೆಯ ಕಿಣ್ವವು ಬಿಸಿ ಏರಿದಂತೆ ಅದರ ಬದಲಾಗಿ ಆಮ್ಲಜನಕವನ್ನು ಹಿಡಿಯುವುದು ಹೆಚ್ಚಾಗುತ್ತದೆ. ಇದರಿಂದ ಗಳಿಸಿದ್ದರಲ್ಲಿ ಒಂದು ಪಾಲು ಕಳೆದುಹೋಗುತ್ತದೆ. ಬೆಳಗಾವಿ ಸೀಮೆಯ ಕಬ್ಬು, ಜೋಳ, ಗೋವಿನಜೋಳಗಳು ಇದೇ ಬಿಸಿಲಿನಲ್ಲಿ ಹುಲುಸಾಗಿ ಬೆಳೆಯುವುದನ್ನು ಕಂಡು, ಮಾವಿಗೆ ಮಾತ್ರ ಬಿಸಿಲು ಹೆಚ್ಚಾಗುವುದು ಹೇಗೆಂದು ಕೇಳಬಹುದು. ಆ ಬೆಳೆಗಳು ಇಂಗಾಲಾಮ್ಲ ವಾಯುವನ್ನು ಮೊದಲು ಬೇರೊಂದು ರೂಪದಲ್ಲಿ ಹಿಡಿದು, ಎಲೆಯ ಒಳಗಣ ಕೋಶಗಳಲ್ಲಿ ದಟ್ಟವಾಗಿ ಕೂಡಿಹಾಕುತ್ತವೆ. ಆದ್ದರಿಂದ ಈ ನಷ್ಟವು ಅವಕ್ಕೆ ತಟ್ಟುವುದು ಬಹಳ ಕಡಮೆ. ಈ ಮಾರ್ಗವನ್ನು ಹ್ಯಾಚ್ ಮತ್ತು ಸ್ಲಾಕ್ ಎಂಬ ಶಾಸ್ತ್ರಜ್ಞರು 1966ರಲ್ಲಿ ವಿವರಿಸಿದರು. ಮಾವು, ಗೇರು, ಚಿಕ್ಕು, ಪೇರಲ, ಬಾಳೆಗಳಿಗೆ ಈ ಉಪಾಯವಿಲ್ಲ. ಕಬ್ಬಿನ ಗದ್ದೆಯ ಅನುಭವವನ್ನು ಹಾಗೆಯೇ ಮಾವಿನ ತೋಟಕ್ಕೆ ಅನ್ವಯಿಸತಕ್ಕದ್ದಲ್ಲ.

6. ಸ್ಥಳ ಮತ್ತು ಋತುಗಳಿಂದಾಗುವ ವ್ಯತ್ಯಾಸ

ಖಾನಾಪುರ ತಾಲ್ಲೂಕಿನ ಪಡುವಣ ಭಾಗವು ಸಹ್ಯಾದ್ರಿಯ ಮಡಿಲಲ್ಲಿದೆ. ಮಲಪ್ರಭೆಯು ಹುಟ್ಟುವ ಕಣಕುಂಬಿ, ಜಾಂಬೋಟಿ, ಲೋಂಡಾ ಕಡೆಗಳಲ್ಲಿ ಮಳೆ ಬಹಳ ಹೆಚ್ಚು. ಮೂಡಣಕ್ಕೆ ನಂದಗಡ, ಬೀಡಿ, ಇಟಗಿ ಕಡೆಗೆ ಬಂದಂತೆ ಮಳೆ ಕಡಮೆಯಾಗುತ್ತ ನೆಲವು ಬಯಲಾಗುತ್ತದೆ. ಬೆಳಗಾವಿ ನಗರವು ಈ ಎರಡರ ನಡುವಣ ಹವೆಯುಳ್ಳದ್ದು. ಒಂದೇ ಜಾತಿಯ ಗಿಡದ ದಿನಚರಿಯು ಈ ಸ್ಥಳಗಳಲ್ಲಿ ಒಂದೇ ಆಗಿರುವುದಿಲ್ಲ.

ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನೀರಿನ ಕೊರತೆಯಿಲ್ಲ, ಗಾಳಿಗೆ ಬಾಯಾರಿಕೆಯಿಲ್ಲ. ಕೊರತೆಯಾಗುವುದು ಬೆಳಕು. ಆಗ ಎಲೆಯ ಕೆಲಸವು ಬೆಳಕಿನೊಡನೆಯೇ ಏರಿ ಇಳಿಯುತ್ತದೆ. ನಡುಹಗಲೇ ಒಳ್ಳೆಯ ಹೊತ್ತು. ಮೋಡವು ಒಂದು ಗಳಿಗೆ ಸರಿದರೆ ಅದೇ ಲಾಭ. ಒಂದು ಎಲೆಯು ತನ್ನ ಮೇಲೆ ಬಿದ್ದ ಉಪಯುಕ್ತ ಬೆಳಕಿನಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲನ್ನು ಮಾತ್ರ ತನ್ನ ಮೂಲಕ ಕೆಳಕ್ಕೆ ಬಿಡುತ್ತದೆ. ಆದುದರಿಂದ ಕಣಕುಂಬಿ, ಜಾಂಬೋಟಿ ಕಡೆಯ ದಟ್ಟವಾದ ಮರದ ಒಳಗಣ ಎಲೆಗಳು ಮಳೆಗಾಲದಲ್ಲಿ ಗಳಿಸುವುದಕ್ಕಿಂತ ವೆಚ್ಚಮಾಡುವುದೇ ಹೆಚ್ಚಾಗಬಹುದು.

ಚಳಿಗಾಲದಲ್ಲಿ, ಡಿಸೆಂಬರ್ ಜನವರಿಗಳಲ್ಲಿ, ಹಗಲು ಹನ್ನೊಂದು ಗಂಟೆಗಿಂತ ತುಸು ಹೆಚ್ಚು ಮಾತ್ರ. ಮಾವು ಚಳಿಗೆ ಸೂಕ್ಷ್ಮವಾದ ಗಿಡ. ತಂಪು ರಾತ್ರಿಯ ಮರುದಿನ ಅದರ ಎಲೆಗಳು ತಡವಾಗಿ ಚುರುಕಾಗುತ್ತವೆ. ಹಳ್ಳದ ದಡಗಳಲ್ಲಿ ಮಂಜು ಕವಿದ ದಿನ ಇನ್ನೂ ತಡವಾಗುತ್ತದೆ. ಆಗ ಎಲೆಯ ಸುಗ್ಗಿಯ ಹೊತ್ತು ಸುಮಾರು 10 ಗಂಟೆಯ ಮೇಲಕ್ಕೆ ಸರಿಯುತ್ತದೆ. ನಡುಹಗಲಿನ ಇಳಿತವು ಅಲ್ಪ.

ಫೆಬ್ರವರಿಯಿಂದ ಮೇ ವರೆಗೆ ಮೇಲೆ ವಿವರಿಸಿದ ಬೇಸಗೆಯ ದಿನಚರಿಯು ನಡೆಯುತ್ತದೆ. ಕಾಯಿಯು ತುಂಬುವುದು ಈ ತಿಂಗಳುಗಳಲ್ಲೇ ಆದ್ದರಿಂದ ಬೆಳಗಿನ ಮೂರು ಗಂಟೆಗಳ ಬೆಲೆಯು ವರ್ಷದ ಬೇರಾವ ಕಾಲಕ್ಕಿಂತಲೂ ಈಗ ಹೆಚ್ಚು. ಏಪ್ರಿಲ್ ಮೇ ತಿಂಗಳಲ್ಲಿ ಒಂದು ಅಡ್ಡಮಳೆ ಬಿದ್ದರೆ ಧೂಳು ತೊಳೆದು, ನೆಲ ನೆನೆದು, ಗಾಳಿ ತಂಪಾಗಿ, ಮರುದಿನದ ಇಳಿತವು ಬಹಳ ಕಡಮೆಯಾಗುತ್ತದೆ.

7. ಬೆಳೆಗಳ ವಿವರ

ಮಾವು: ಎಲೆಯು ದಪ್ಪವಾಗಿರುವುದರಿಂದ ಜೋತುಬೀಳುವುದಿಲ್ಲ, ಕಷ್ಟವು ಕಣ್ಣಿಗೆ ಕಾಣದು. ಕೆಂಪು ಬಣ್ಣದ ಎಳೆಯ ಚಿಗುರು ಗಳಿಸುವುದಿಲ್ಲ. ಹಸಿರಾಗಿ ಬಲಿಯುವವರೆಗೆ ಹಳೆಯ ಎಲೆಗಳ ಗಳಿಕೆಯನ್ನೇ ಉಣ್ಣುತ್ತದೆ. ಆದಕಾರಣ ಹಳೆಯ ಬಲಿತ ಎಲೆಗಳನ್ನು ಹುಳುಗಳಿಂದಲೂ ರೋಗಗಳಿಂದಲೂ ಕಾಪಾಡುವುದು ಕಾಯಿಯನ್ನು ಕಾಪಾಡಿದಂತೆಯೇ.

ಗೇರು: ಬಡ ಜಂಬಿಟ್ಟಿಗೆ ನೆಲದಲ್ಲಿಯೂ ಬದುಕುವ ಮರ. ಹೂವು ಕಾಯಿ ಬರುವುದು ಬಿಸಿಲು ಕಾಣುವ ಹೊರಕೊಂಬೆಗಳ ತುದಿಯಲ್ಲಿ. ಒತ್ತಾಗಿ ನೆಟ್ಟು ಕೊಂಬೆಗಳು ಹೆಣೆದುಕೊಂಡರೆ ಮರದ ನೆತ್ತಿಯಲ್ಲಿ ಮಾತ್ರ ಫಲ ಉಳಿಯುತ್ತದೆ. ಮರದಿಂದ ಮರಕ್ಕೆ 7ರಿಂದ 8 ಮೀಟರ್ ಅಂತರವಿರತಕ್ಕದ್ದು.

ಬಾಳೆ: ನಡುಹಗಲಿನ ಇಳಿತವನ್ನು ಬರಿಗಣ್ಣಿಗೆ ತೋರಿಸುವ ಗಿಡ. ಬಿಸಿಲೇರಿದಾಗ ಎಲೆಯ ಎರಡು ಹೋಳುಗಳು ನಡುದಂಟಿನ ಉದ್ದಕ್ಕೂ ಕೆಳಗೆ ಮಡಿಚಿಕೊಳ್ಳುತ್ತವೆ. ಸಂಜೆಗೆ ಮತ್ತೆ ಹರಡಿಕೊಳ್ಳುತ್ತವೆ. ಇದು ಬಿಸಿಲಿನಿಂದ ಎಲೆಯು ಮಾಡಿಕೊಳ್ಳುವ ರಕ್ಷಣೆ, ರೋಗವಲ್ಲ.

ಪೇರಲ ಮತ್ತು ಚಿಕ್ಕು: ಪೇರಲದಲ್ಲಿ ಹೊಸ ಚಿಗುರಿನ ಮೇಲೆ ಫಲ ಬರುವುದರಿಂದ ಗಿಡದ ಒಳಕ್ಕೆ ಬೆಳಕು ಬೀಳುವಂತೆ ಸವರುವುದು ಲಾಭಕರ. ಚಿಕ್ಕುವಿನಲ್ಲಿ ಹೂವೂ ಕಾಯಿಯೂ ವರ್ಷದ ಬಹುಭಾಗ ಇರುವುದರಿಂದ ಅದರ ಎಲೆಗಳಿಗೆ ಬಿಡುವೇ ಇಲ್ಲ; ಬೇಸಗೆಯಲ್ಲಿ ನೀರಿನ ತೀರಾ ಕೊರತೆಯಾಗಬಾರದು.

ಅನಾನಸ್: ಇದರ ಕ್ರಮವು ಎಲ್ಲಕ್ಕೂ ವಿರುದ್ಧ. ಇದು ರಾತ್ರಿಯಲ್ಲಿ ಬಾಗಿಲು ತೆರೆದು ಇಂಗಾಲಾಮ್ಲ ವಾಯುವನ್ನು ಹೀರಿ ಹುಳಿಯ ರೂಪದಲ್ಲಿ ಕೂಡಿಡುತ್ತದೆ. ಹಗಲಿನಲ್ಲಿ ಬಾಗಿಲು ಮುಚ್ಚಿ, ಆ ಹುಳಿಯಿಂದ ಮತ್ತೆ ವಾಯುವನ್ನು ಬಿಡಿಸಿ, ಬೆಳಕಿನ ಬಲದಿಂದ ಸಕ್ಕರೆ ಮಾಡುತ್ತದೆ. ಹೈನನು ಕಂಡ ಕಾಡುಬಸಳೆಯ ಬೆಳಗಿನ ಹುಳಿಯ ಗುಟ್ಟೂ ಇದೇ. ರಾತ್ರಿಯ ಗಾಳಿಗೆ ಬಾಯಾರಿಕೆ ಕಡಮೆಯಾದ್ದರಿಂದ ಅನಾನಸ್ ಅತ್ಯಲ್ಪ ನೀರಿನಲ್ಲಿ ಬಾಳಬಲ್ಲದು. ಈಚಿನ ವರ್ಷಗಳಲ್ಲಿ ಬೆಳೆಸುತ್ತಿರುವ ಡ್ರಾಗನ್ ಹಣ್ಣಿನ ಕಳ್ಳಿಯೂ ಇದೇ ಜಾತಿಯ ನಡತೆಯುಳ್ಳದ್ದು. ನೀರು ತೀರಾ ಕಡಮೆಯಿದ್ದಲ್ಲಿ ಇಂತಹ ಬೆಳೆಯ ಯೋಚನೆ ಮಾಡಬಹುದು.

8. ತೋಟದಲ್ಲಿ ಅನುಸರಿಸತಕ್ಕ ಕ್ರಮಗಳು

(ಅ) ನೀರಿನ ಪರೀಕ್ಷೆ. ಗಿಡಕ್ಕೆ ನೀರು ಬೇಕೋ ಬೇಡವೋ ಎಂಬುದನ್ನು ಮಧ್ಯಾಹ್ನದ ಎಲೆಯನ್ನು ನೋಡಿ ನಿರ್ಧರಿಸತಕ್ಕದ್ದಲ್ಲ. ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿದರೆ ಅದು ಗಾಳಿಯ ಬಾಯಾರಿಕೆಯ ಫಲ, ಮಣ್ಣಿನಲ್ಲಿ ನೀರಿದೆ. ಹೊತ್ತು ಮೂಡುವಾಗಲೂ ಎಲೆ ಜೋತುಬಿದ್ದಿದ್ದರೆ ಮಣ್ಣು ಒಣಗಿದೆ. ತಡಮಾಡದೆ ನೀರು ಕೊಡತಕ್ಕದ್ದು. ಮಾವು, ಗೇರುಗಳ ಎಲೆ ಬಾಡಿ ತೋರಿಸುವುದಿಲ್ಲವಾದ್ದರಿಂದ, ಕೊಂಬೆಗಳ ಅಂಚಿನ ಕೆಳಗೆ ಒಂದು ಮೊಳ ಆಳಕ್ಕೆ ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಬೇಕು. ಉಂಡೆ ಕಟ್ಟದಿದ್ದರೆ ನೀರು ಬೇಕೆಂದು ತಿಳಿಯತಕ್ಕದ್ದು.

(ಆ) ನೀರು ಕೊಡುವ ಹೊತ್ತು. ನಡುಹಗಲಿನಲ್ಲಿ ಹಾಯಿಸಿದ ನೀರಿನಲ್ಲಿ ಒಂದು ಪಾಲು ನೆಲದ ಮೇಲಿನಿಂದಲೇ ಆವಿಯಾಗಿ ಹೋಗುತ್ತದೆ. ಮುಚ್ಚಿದ ಬಾಗಿಲುಗಳು ಅದರಿಂದ ಕೂಡಲೇ ತೆರೆಯುವುದೂ ಇಲ್ಲ. ಸಂಜೆ, ರಾತ್ರಿ ಅಥವಾ ಬೆಳಗಿನ ಜಾವದಲ್ಲಿ ಕೊಟ್ಟ ನೀರು ಬೇರಿಗೆ ಇಳಿದು, ಬೆಳಗಿನ ಸುಗ್ಗಿಗೆ ಎಲೆಯನ್ನು ಸಿದ್ಧಗೊಳಿಸುತ್ತದೆ. ವಿದ್ಯುತ್ತು ಮಧ್ಯಾಹ್ನ ಮಾತ್ರ ದೊರೆಯುವಲ್ಲಿ ನೀರನ್ನು ತೊಟ್ಟಿಗೆ ಏರಿಸಿಟ್ಟು ಸಂಜೆ ಬಿಡಬಹುದು. ನೀರನ್ನು ಬುಡಕ್ಕೆ ಹೊಯ್ಯದೆ, ಹೀರುವ ಬೇರುಗಳಿರುವ ಕೊಂಬೆಗಳ ಅಂಚಿನ ಪಾತಿಯಲ್ಲಿ ಕೊಡತಕ್ಕದ್ದು. ಮಾವಿಗೆ ಹೂ ಬರುವುದಕ್ಕೆ ಮುಂಚಿನ ಎರಡು ತಿಂಗಳು ನೀರನ್ನು ನಿಲ್ಲಿಸಿ, ಕಾಯಿ ಕಚ್ಚಿದ ಮೇಲೆ ಕೊಡಲು ಆರಂಭಿಸತಕ್ಕದ್ದು.

(ಇ) ಹೊದಿಕೆ. ತರಗೆಲೆ, ಭತ್ತದ ಹೊಟ್ಟು, ಒಣಹುಲ್ಲುಗಳನ್ನು ಒಂದು ಗೇಣು ದಪ್ಪಕ್ಕೆ ಪಾತಿಯಲ್ಲಿ ಹರಡಿದರೆ ನೆಲ ತಂಪಾಗಿರುತ್ತದೆ. ಬೆಳಗಿನ ಸುಗ್ಗಿ ಇನ್ನಷ್ಟು ಹೊತ್ತು ನಡೆಯುತ್ತದೆ. ಗೆದ್ದಲು ಬಾರದಂತೆ ಕಾಂಡದಿಂದ ಒಂದು ಅಡಿ ದೂರ ಬಿಡತಕ್ಕದ್ದು.

(ಈ) ಮೂಡಣ ದಿಕ್ಕನ್ನು ತೆರೆದಿಡುವುದು. ಮೂಡಣದ ಎಲೆಗಳಿಗೆ ತಂಪು ಹೊತ್ತಿನ ಬಿಸಿಲು ಬೀಳುತ್ತದೆ; ಪಡುವಣದ ಎಲೆಗಳಿಗೆ ಸೆಕೆಯ ಹೊತ್ತಿನ ಬಿಸಿಲು. ಮೂಡಣ ಬದುವಿನ ಎತ್ತರದ ಬಿದಿರುಮೆಳೆಯು ದಿನಕ್ಕೆ ಒಂದೂವರೆ ಗಂಟೆ ನೆರಳು ಚೆಲ್ಲಿದರೂ ಅದು ಸುಗ್ಗಿಯ ಹೊತ್ತನ್ನೇ ಕದ್ದಂತೆ. ಗಾಳಿತಡೆಯ ಮರಗಳನ್ನು ಪಡುವಣ ಬದುವಿನಲ್ಲಿ ನೆಡುವುದು ಯುಕ್ತ. ಮಳೆಗಾಲದ ಬಿರುಗಾಳಿಯು ಬರುವುದೂ ಆ ದಿಕ್ಕಿನಿಂದಲೇ. ಅದರ ನೆರಳು ಬೀಳುವುದೂ ಎಲೆಯು ದಣಿದ ಮೇಲೆಯೇ. ಬೆಳಗಾವಿ ನಗರದ ಹಿತ್ತಲುಗಳಲ್ಲಿ ಗಿಡ ನೆಡುವವರು ಮೂಡಣದ ಗೋಡೆ ಕಟ್ಟಡಗಳಿಂದ ದೂರವಾಗಿ, ಬೆಳಗಿನ ಬಿಸಿಲು ಬೀಳುವ ಸ್ಥಳವನ್ನು ಆರಿಸತಕ್ಕದ್ದು. ಕಾಂಡದ ಸುತ್ತ ಒಂದೂವರೆ ಮೀಟರ್‌ನಷ್ಟಾದರೂ ನೆಲವನ್ನು ಸಿಮೆಂಟಿನಿಂದ ಮುಚ್ಚದೆ ಬಿಡತಕ್ಕದ್ದು.

(ಉ) ಕೊಂಬೆ ಸವರುವುದು. ಮಾವಿನ ಕೊಯ್ಲು ಮುಗಿದ ಕೂಡಲೇ, ಬಲವಾದ ಮಳೆ ಹಿಡಿಯುವುದಕ್ಕೆ ಮೊದಲು, ಒಣಗಿದ, ಒಂದಕ್ಕೊಂದು ಉಜ್ಜುವ, ಒಳಕ್ಕೆ ಬೆಳೆದ ಕೊಂಬೆಗಳನ್ನು ತೆಗೆದು ಮರದ ನಡುವೆ ಬೆಳಕು ಬೀಳುವಂತೆ ಮಾಡತಕ್ಕದ್ದು. ಒಂದೇ ಸಲಕ್ಕೆ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಎಲೆಯನ್ನು ಕಳೆಯಬಾರದು. ಗಾಯಗಳಿಗೆ ಬೋರ್ಡೋ ಮುಲಾಮನ್ನು ಬಳಿಯತಕ್ಕದ್ದು. ಹೊಸದಾಗಿ ಬಿಸಿಲಿಗೆ ಬಿದ್ದ ದಪ್ಪ ಕೊಂಬೆಗಳಿಗೆ ಸುಣ್ಣ ಹಚ್ಚಿದರೆ ತೊಗಟೆ ಸುಡುವುದಿಲ್ಲ.

(ಊ) ಬಂದಳಿಕೆ. ಮಾವಿನ ಮರದ ಮೇಲೆ ಬೆಳೆಯುವ ಬಂದಳಿಕೆಯು ಬೆಳಕನ್ನು ತಡೆಯುವುದಷ್ಟೇ ಅಲ್ಲ. ಮರವು ನೀರನ್ನು ಉಳಿಸಲು ಬಾಗಿಲು ಮುಚ್ಚಿದ ಹೊತ್ತಿನಲ್ಲಿಯೂ ಅದು ತನ್ನ ಬಾಗಿಲುಗಳನ್ನು ಹೆಚ್ಚಾಗಿ ತೆರೆದಿಟ್ಟು ಮರದ ನೀರನ್ನು ಎಳೆಯುತ್ತಿರುತ್ತದೆ. ಬೇಸಗೆಗೆ ಮೊದಲೇ, ಅದು ಅಂಟಿಕೊಂಡ ಸ್ಥಳಕ್ಕಿಂತ ಒಂದು ಗೇಣು ಕೆಳಗೆ ಕೊಂಬೆಯನ್ನು ಕಡಿದು ತೆಗೆಯತಕ್ಕದ್ದು. ಅದರ ಬೀಜವನ್ನು ಹಕ್ಕಿಗಳು ಹರಡುವುದರಿಂದ ಒಬ್ಬರ ತೋಟದಲ್ಲಿ ಮಾತ್ರ ತೆಗೆದರೆ ಸಾಲದು. ಊರಿನ ಮುಖ್ಯಸ್ಥರು ಒಂದು ದಿನವನ್ನು ಗೊತ್ತುಮಾಡಿ ಎಲ್ಲ ತೋಟಗಳಲ್ಲಿಯೂ ಒಟ್ಟಿಗೆ ತೆಗೆಯಿಸುವುದು ಮೇಲು.

(ಋ) ಧೂಳು ಮತ್ತು ಸಿಂಪರಣೆ. ಕಚ್ಚಾ ರಸ್ತೆ, ಇಟ್ಟಿಗೆ ಭಟ್ಟಿಗಳ ಪಕ್ಕದ ಗಿಡಗಳ ಎಲೆಯ ಮೇಲೆ ಕೂತ ಧೂಳು ಬೆಳಕನ್ನು ತಡೆಯುತ್ತದೆ. ಬೇಲಿಸಾಲನ್ನು ಬೆಳೆಸಿ ಅದನ್ನು ತಡೆಯಬಹುದು. ಗಂಧಕದ ಔಷಧಿಯನ್ನು ಸುಡುಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ತಂಪು ಹೊತ್ತಿನಲ್ಲಿಯೇ ಸಿಂಪಡಿಸತಕ್ಕದ್ದು.

9. ಊರ ಶಾಲೆಯಲ್ಲಿ ಮಾಡಿ ತೋರಿಸಬಹುದಾದ ಪರೀಕ್ಷೆ

ಎಲೆಯು ಹಗಲಿನಲ್ಲಿ ಆಹಾರವನ್ನು ಕೂಡಿಸಿ ರಾತ್ರಿಯಲ್ಲಿ ಸಾಗಿಸುವುದೆಂಬುದನ್ನು ಕಣ್ಣಾರೆ ಕಾಣಬಹುದು. ಮಾವಿನ ಎಲೆ ದಪ್ಪವಾದುದರಿಂದ ಅವರೆಯ ಎಲೆಯನ್ನು ತೆಗೆದುಕೊಳ್ಳುವುದು ಸುಲಭ. ಒಂದೇ ಬಳ್ಳಿಯಿಂದ ಹೊತ್ತು ಮೂಡುವ ಮೊದಲು ಒಂದು ಎಲೆಯನ್ನೂ, ಮಧ್ಯಾಹ್ನದ ಮೇಲೆ ಒಂದು ಎಲೆಯನ್ನೂ ಕೀಳಬೇಕು. ಕಿತ್ತ ಕೂಡಲೇ ಪ್ರತಿಯೊಂದನ್ನೂ ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದಿಡಬೇಕು. ಆಮೇಲೆ ಎರಡನ್ನೂ ಸ್ಪಿರಿಟ್ ಇರುವ ಸಣ್ಣ ಪಾತ್ರೆಯಲ್ಲಿ ಹಾಕಿ, ಆ ಪಾತ್ರೆಯನ್ನು ಒಲೆಯಿಂದ ಇಳಿಸಿದ ಬಿಸಿನೀರಿನಲ್ಲಿ ಇಡಬೇಕು. ಹಸಿರು ಬಣ್ಣ ಬಿಟ್ಟು ಎಲೆ ಬಿಳುಚುತ್ತದೆ. ಸ್ಪಿರಿಟ್ಟಿಗೆ ಬೆಂಕಿ ಬೇಗ ಹತ್ತುವುದರಿಂದ ಹತ್ತಿರ ಉರಿಯಿರಕೂಡದು. ಈ ಕೆಲಸವನ್ನು ಉಪಾಧ್ಯಾಯರೇ ಮಾಡತಕ್ಕದ್ದು. ಎಲೆಗಳನ್ನು ನೀರಿನಲ್ಲಿ ತೊಳೆದು, ನೀರು ಬೆರಸಿದ ಟಿಂಕ್ಚರ್ ಅಯೊಡಿನ್ ಹನಿಸಿದರೆ, ಮಧ್ಯಾಹ್ನದ ಎಲೆಯು ಪಿಷ್ಟದಿಂದ ಕಪ್ಪುನೀಲಿಯಾಗುತ್ತದೆ. ಬೆಳಗಿನ ಎಲೆಯು ನೀಲಿಯಾಗುವುದಿಲ್ಲ, ಆದರೂ ಬಹಳ ಅಲ್ಪ. ರಾತ್ರಿಯಲ್ಲಿ ಪಿಷ್ಟವು ಕರಗಿ ಸಾಗಿಹೋಗಿದೆಯೆಂಬುದಕ್ಕೆ ಇದೇ ಸಾಕ್ಷಿ.

ಇನ್ನೊಂದು ಸುಲಭವಾದ ಪರೀಕ್ಷೆಯುಂಟು. ಬಿಸಿಲಿನಲ್ಲಿರುವ ಎಲೆಯನ್ನು ಬೆಳಗಿನ 9 ಗಂಟೆಗೊಮ್ಮೆ, ಮಧ್ಯಾಹ್ನ 1 ಗಂಟೆಗೊಮ್ಮೆ ಬೆರಳುಗಳ ನಡುವೆ ಹಿಡಿದು ನೋಡಬೇಕು. ಬಾಗಿಲು ತೆರೆದು ಆವಿ ಬಿಡುವ ಎಲೆಯು ತಂಪಾಗಿರುತ್ತದೆ. ಬಾಗಿಲು ಮುಚ್ಚಿದ ಎಲೆಯು ಬಿಸಿಯಾಗಿರುತ್ತದೆ. ನೀರು ಕೊಟ್ಟು ಹೊದಿಕೆ ಹಾಕಿದ ಗಿಡವನ್ನೂ ಹಾಗೆ ಮಾಡದ ಗಿಡವನ್ನೂ ಒಂದೇ ಹೊತ್ತಿನಲ್ಲಿ ಹೋಲಿಸಿದರೆ ವ್ಯತ್ಯಾಸವು ತಿಳಿಯುತ್ತದೆ.

10. ಸಾರಾಂಶ

1. ಬೇಸಗೆಯಲ್ಲಿ ಹಣ್ಣಿನ ಗಿಡದ ಎಲೆಯು ಹೆಚ್ಚಾಗಿ ಗಳಿಸುವುದು ಬೆಳಗಿನ 8ರಿಂದ 11 ಗಂಟೆಯವರೆಗೆ.

2. ನಡುಹಗಲಿನ ಇಳಿತಕ್ಕೆ ಕಾರಣ ಬೆಳಕಿನ ಕೊರತೆಯಲ್ಲ. ಗಾಳಿಯ ಒಣತನ, ಸೆಕೆ ಮತ್ತು ನೀರಿನ ಸಾಲದಿಕೆ.

3. ಮಳೆಗಾಲದಲ್ಲಿ ಕೊರತೆಯಾಗುವುದು ಬೆಳಕು. ಮರದೊಳಗೆ ಬೆಳಕು ಬೀಳುವಂತೆ ಇರಿಸತಕ್ಕದ್ದು.

4. ನೀರು ಬೇಕೆಂಬುದನ್ನು ಬೆಳಗಿನ ಎಲೆಯಿಂದಲೂ ಮೊಳದಾಳದ ಮಣ್ಣಿನಿಂದಲೂ ಅರಿಯತಕ್ಕದ್ದು. ಸಂಜೆಯಿಂದ ಬೆಳಗಿನ ಜಾವದೊಳಗೆ ನೀರು ಕೊಡತಕ್ಕದ್ದು.

5. ಮೂಡಣವನ್ನು ತೆರೆದಿಟ್ಟು ಪಡುವಣದಲ್ಲಿ ಗಾಳಿತಡೆಯನ್ನು ಬೆಳೆಸತಕ್ಕದ್ದು.

6. ಪಾತಿಗೆ ಹೊದಿಕೆ ಹಾಕತಕ್ಕದ್ದು. ಬಂದಳಿಕೆಯನ್ನು ಊರೆಲ್ಲ ಒಟ್ಟಾಗಿ ತೆಗೆಯತಕ್ಕದ್ದು.

ಮಳೆಯನ್ನಾಗಲಿ ಬಿಸಿಲನ್ನಾಗಲಿ ಹೆಚ್ಚು ಕಡಮೆ ಮಾಡುವುದು ಯಾರ ಕೈಯಲ್ಲಿಯೂ ಇಲ್ಲ. ಬೆಳಗಿನ ಹೊತ್ತನ್ನು ಎಲೆಗೆ ಒದಗಿಸಿಕೊಡುವುದು ತೋಟಗಾರನ ಕೈಯಲ್ಲಿದೆ. ಈ ಕ್ರಮಗಳಲ್ಲಿ ಹಣ ಹೆಚ್ಚಾಗಿ ಬೇಕಾದದ್ದು ಯಾವುದೂ ಇಲ್ಲ. ಮೊದಲು ನಾಲ್ಕಾರು ಗಿಡಗಳಲ್ಲಿ ಒಂದು ಬೇಸಗೆ ನಡೆಸಿ ನೋಡಿ, ಗುಣ ಕಂಡ ಮೇಲೆ ತೋಟಕ್ಕೆಲ್ಲ ಹರಡಬಹುದು.